ಶೇಂಗಾ ಎಣ್ಣಿ, ಇ. ಕೋಲಿ ಮತ್ತ ನನ್ನ ಎರಡು ತಿಂಗಳು

ಧಾರವಾಡದಾಗ ಪ್ರಾಜೆಕ್ಟ್ ಮಾಡೂಮುಂದ ನಾ ಹಿಡಿದಿದ್ದು ಗ್ರೀಸಿಗೆ ಹಾಕೋ ಆಸಿಡ್ಡು. ಪ್ಯಾಟ್ಯಾಗ ಸಿಗೋದು 12-ಹೈಡ್ರಾಕ್ಸಿಸ್ಟಿಯರಿಕ್, ಅದನ್ನ ಔಡಲೆಣ್ಣಿಯಿಂದ ಹೈಡ್ರೋಜನ್ನು, ನಿಕಲ್ಲು ಹಾಕಿ ಮಾಡ್ತಾರ. ಅದರ ತಮ್ಮ 10-ಹೈಡ್ರಾಕ್ಸಿಸ್ಟಿಯರಿಕ್ಕಿಗೆ ಅಷ್ಟೆಲ್ಲಾ ಬ್ಯಾಡ್ರಿ, ಒಲೇಟ್ ಹೈಡ್ರಟೇಸ್ ಅನ್ನೋ ಎಂಜೈಮು ಒಲಿಯಿಕ್ ಆಸಿಡ್ಡಿನ ಡಬಲ್ ಬಾಂಡಿಗೆ ನೀರು ಕೂಡಿಸಿಬಿಟ್ಟರ ಮುಗೀತು. ಅದರ ಜೀನು ಸ್ಟೆನೋಟ್ರೋಫೋಮೊನಾಸ್ ಬ್ಯಾಕ್ಟೀರಿಯಾದ್ದು, ಪ್ಲಾಸ್ಮಿಡ್ಡು ಅನ್ನೋ ಸಣ್ಣ ಡಿಎನ್‌ಎ ಉಂಗುರದಾಗ ಕೂಡ್ರಿಸಿ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾಕ್ಕ ಹಾಕಿದ್ವಿ.

ನಮ್ಮೂರ ಗಾಣದಾಗಿಂದ ಶೇಂಗಾ ಎಣ್ಣಿ ತಂದು ಸೀದಾ ಫ್ಲಾಸ್ಕಿಗೆ ಸುರುವಿದೆ. ಎರಡು ದಿನ ಬಿಟ್ಟು ಟಿಎಲ್‌ಸಿ (ಏನೇನೈತಿ ಅಂತ ಬ್ಯಾರೆ ಬ್ಯಾರೆ ಸ್ಪಾಟಾಗಿ ತೋರಸೋ ಪರೀಕ್ಷೆ) ಹಾಕಿದ್ರ ಹೊಸಾ ಸ್ಪಾಟ ಇಲ್ಲ. ಸರ್ ನೋಡಿ, "ತಮ್ಮಾ, ಎಣ್ಣಿ ಒಡದವರ್ಯಾರು?" ಅಂದ್ರು. ಖರೇನ, ಎಣ್ಣ್ಯಾಗ ಒಲಿಯಿಕ್ ಗ್ಲಿಸರಾಲಿಗೆ ಕಟ್ಟಿಕೊಂಡಿರ್ತೈತಿ, ಅದನ್ನ ಬಿಡಸೋ ಲೈಪೇಸ್ ಎಂಜೈಮು ಇ. ಕೋಲಿ ಹೊರಗ ಬಿಡೂದಿಲ್ಲ. ಆಮ್ಯಾಲ ಮೊದಲು ಲೈಪೇಸ್ ಹಾಕಿ ಒಡದು, ಆಮ್ಯಾಲ ಸೆಲ್ಲು ಹಾಕಿದೆ. 37 ಡಿಗ್ರಿಯಾಗ ಇಂಡ್ಯೂಸ್ ಮಾಡಿದ್ರ, ಅಂದ್ರ ಸೆಲ್ಲಿಗೆ ನಮ್ಮ ಎಂಜೈಮು ಮಾಡಾಕ ಹಚ್ಚಿದ್ರ, ಆ ಪ್ರೋಟೀನು ಗಂಟುಗಂಟಾಗಿ ಕೆಳಗ ಕುಂತಿತ್ತು, 20ಕ್ಕ ಇಳಿಸಿ ರಾತ್ರಿಪೂರ್ತಿ ಬಿಟ್ಟ ಮ್ಯಾಲ ಕೆಲಸಾ ಮಾಡ್ತು. ಇನ್ನೊಂದು, ಬ್ಯಾಕ್ಟೀರಿಯಾ ಫ್ಯಾಟಿ ಆಸಿಡ್ಡನ್ನ ತಾನ ತಿಂದು ಮುಗಸ್ತೈತಿ, ಹಂಗಾಗಿ ತಿನ್ನೋ ದಾರಿಯೊಳಗಿನ fadD ಜೀನು ತೆಗೆದ ಸ್ಟ್ರೇನ್ (ತಳಿ) ಬೇಕು.

ಖರೇ ಕಾಡಿದ್ದು ಮಾತ್ರ ಕಡೀಕ ಮಾಲು ಹೊರಗ ತೆಗಿಯೂದ್ರಾಗ. ಈಥೈಲ್ ಅಸಿಟೇಟ್ ಅನ್ನೋ ದ್ರಾವಕ ಹಾಕಿ ಜೋರಾಗಿ ಅಲ್ಲಾಡಿಸಿದೆ, ನಡುವ ದಪ್ಪನ ಬಿಳೀ ಪದರ, ಕಡದ ಮಜ್ಜಿಗಿ ಹಂಗ, ಮುಂಜಾನಿಂದ ಸಂಜೀತನಾ ನಿಂತ್ರೂ ಒಡೀಲಿಲ್ಲ. ಸತ್ತ ಸೆಲ್ಲು, ಪ್ರೋಟೀನು, ಸಾಬೂನಿನಂಥಾ ಆಸಿಡ್ಡು ಎಲ್ಲಾ ಕೂಡಿ ಹಿಡಕೊಂಡಿರ್ತಾವ. ಮೊದಲು ಆಸಿಡ್ ಹಾಕಿ ಪಿಎಚ್ 2ಕ್ಕ ತಂದು, ಉಪ್ಪು ಸುರುವಿ, ಸಾವಕಾಶ ತಿರುವಿ ಸೆಂಟ್ರಿಫ್ಯೂಜ್ ಹಾಕಿದಾಗ ಪದರ ಬಿಟ್ಟವು.

ಗದಗ ಕಡೆ ಕುಸುಬಿ ಎಣ್ಣಿನೂ ತಂದು ನೋಡಿದೆ, ಆದ್ರ ಅದರಾಗ ಲಿನೋಲಿಯಿಕ್ಕ ಹೆಚ್ಚು, ಒಂದು ಡಬಲ್ ಬಾಂಡು ಉಳದು ಬ್ಯಾರೇ ಮಾಲು ಬರ್ತೈತಿ, ಗ್ರೀಸಿಗೆ ಅಲ್ಲ. ಅದಕ್ಕ ತಿರುಗಿ ಶೇಂಗಾಕ್ಕ ಬಂದೆ. ಫಿಲ್ಟರ್ ಪೇಪರ್ ಮ್ಯಾಲ ಒಂದು ಚಿಟಿಕಿ ಬಿಳೀ ಪುಡಿ ಉಳೀತು, ಗಾಣದ ಕಾಕಾಗ ತೋರಿಸಿದ್ರ ಮೂಸಿ ನೋಡಿ "ಇಷ್ಟಕ್ಕ ಎಷ್ಟು ಎಣ್ಣಿ ಹಾಳು ಮಾಡಿದ್ಯೋ?" ಅಂದ. ಲೆಕ್ಕ ಹೇಳಲಿಲ್ರಿ ನಾನು.