ಜೂಲು ಹೊದ್ದ ಕುದುರೆಗೆ ಝಟಕಾ ಬೇಲಿ

ಚಳಿಗೆ ಹೊದಿಸುವ ದಪ್ಪ ಬಟ್ಟೆ, ಅಂದರೆ ಜೂಲು, ಕುದುರೆಯ ಮೈಮೇಲೆ ಬಿದ್ದ ಗಳಿಗೆಯಿಂದ, ತಾಗಿದರೆ ವಿದ್ಯುತ್ ಏಟು ಕೊಡುವ ಝಟಕಾ ಬೇಲಿಯ ಅರ್ಧ ಬಲ ಹೋಯಿತೆಂದೇ ತಿಳಿಯಬೇಕು. ಬೇಲಿಗೆ ವಿದ್ಯುತ್ತು ಹರಿಸುವ ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಆ ಯಂತ್ರ ಹೋಗುವುದು ಹಂದಿ, ಚಿಗರಿಗಳನ್ನು ತೊಗರಿ ಹೊಲದಿಂದ ದೂರ ಇಡಲು. ಹಂದಿ ಬಟ್ಟೆ ತೊಟ್ಟು ಬರುವುದಿಲ್ಲ. ನನ್ನ ಕುದುರೆಗಳು ಮಾತ್ರ ಚಳಿಗಾಲ ಪೂರ್ತಿ ದಪ್ಪ ಜೂಲು ಹೊದ್ದುಕೊಂಡೇ ಬೇಲಿಯ ಒಳಗೆ ನಿಲ್ಲಬೇಕು.

ನಮ್ಮದು ಇಂಡಿ ತಾಲ್ಲೂಕು, ಭೀಮಾ ನದಿಯ ಕಡೆಯ ಎರೆ ಭೂಮಿ. ಮರಾಠರ ಕಾಲದಿಂದ ಹೆಸರಾದ ಭೀಮಥಡಿ ತಟ್ಟುಗಳೂ ಇದೇ ನದಿಯ ದಂಡೆಯವು. ಆ ತಟ್ಟುಗಳಿಗೆ ಜೂಲಿನ ಹಂಗಿಲ್ಲ. ಚಳಿ ಬಿದ್ದರೆ ಮೈತುಂಬ ಕೂದಲು ಬೆಳೆಸಿಕೊಂಡು ಆರಾಮವಾಗಿ ನಿಲ್ಲುತ್ತವೆ. ನನ್ನಲ್ಲಿರುವವು ಮದುವೆ ಮೆರವಣಿಗೆಗೆ ಹೋಗುವ ಮಾರ್ವಾಡಿ ಹೆಣ್ಣು ಕುದುರೆಗಳು. ತುಳಸಿ ಲಗ್ನ ಮುಗಿದ ಕೂಡಲೇ ಮದುವೆಗಳು ಶುರು, ಅದೇ ಹೊತ್ತಿಗೆ ಚಳಿಯೂ ಶುರು. ಕೂದಲು ಉದ್ದ ಬೆಳೆದು ಮೈ ಮಂಕಾದರೆ ವರನ ಕಡೆಯವರು ಮೂಗು ಮುರಿಯುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿನ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮುದಿ ಕುದುರೆಯೊಂದಿದೆ, ಚಳಿಗೆ ಬಿಟ್ಟರೆ ಅದರ ಪಕ್ಕೆಲುಬು ಎಣಿಸಬಹುದು. ಹೀಗಾಗಿ ಜೂಲು ಬೇಕೇ ಬೇಕು. ಆರೋಗ್ಯವಂತ ಹಳ್ಳಿ ಕುದುರೆಗೆ ಸುಮ್ಮನೆ ಶೋಕಿಗಾಗಿ ಹೊದಿಸುವುದನ್ನು ನಾನು ಒಪ್ಪುವುದಿಲ್ಲ.

ಬೇಲಿ ಯಾಕೆ ಸೋಲುತ್ತದೆ ಎಂಬುದನ್ನು ನೋಡೋಣ. ಯಂತ್ರದಿಂದ ಹೊರಟ ವಿದ್ಯುತ್ತು ತಂತಿಯಲ್ಲಿ ಹರಿದು, ಕುದುರೆಯ ಮೈ ಹೊಕ್ಕು, ಗೊರಸಿನಿಂದ ಮಣ್ಣಿಗೆ ಇಳಿದು, ಮಣ್ಣಿನಿಂದ, ನೆಲಕ್ಕೆ ಹೊಡೆದ ಅರ್ಥಿಂಗ್ ಸಲಾಕೆಗೆ ಸೇರಿ ಯಂತ್ರಕ್ಕೆ ಮರಳಬೇಕು. ಈ ಸುತ್ತು ಪೂರ್ತಿಯಾದರೆ ಮಾತ್ರ ಕುದುರೆಗೆ ಏಟು. ಒಣಗಿದ ಜೂಲು ಈ ಸುತ್ತನ್ನು ಮೈಯ ಹತ್ತಿರವೇ ಕಡಿಯುತ್ತದೆ. ನಮ್ಮ ಎರೆ ಮಣ್ಣು ಅದೇ ತಿಂಗಳುಗಳಲ್ಲಿ ಒಣಗಿ ಬಿರಿದು ಗೊರಸಿನ ಹತ್ತಿರ ಕಡಿಯುತ್ತದೆ. ಮಳೆಗಾಲದಲ್ಲಿ ಮೂತಿ ತಾಗಿಸಿ ಹೌಹಾರಿದ ಕುದುರೆಯೇ ಜನವರಿಯಲ್ಲಿ ಎದೆಯಿಂದ ಬೇಲಿಯ ಟೇಪನ್ನು (ತಂತಿಯ ಬದಲು ಕಟ್ಟಿದ, ವಿದ್ಯುತ್ತು ಹರಿಯುವ ಅಗಲ ಪಟ್ಟಿ) ನಿಧಾನವಾಗಿ ಒತ್ತುತ್ತ, ಪಕ್ಕದ ಜೋಳದ ಕಡೆ ಕತ್ತು ಚಾಚುತ್ತದೆ. ಜೂಲಿನ ಎದೆಪಟ್ಟಿಗೆ ಟೇಪು ಒತ್ತಿ ನಿಂತಿದೆ, ಯಂತ್ರ ಟಕ್ ಟಕ್ ಎಂದು ಬಡಿಯುತ್ತಿದೆ, ಕುದುರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಒಮ್ಮೆ ಹೀಗೆ ಒತ್ತಿ ಗೆದ್ದ ಕುದುರೆಗೆ ಬೇಲಿಯ ಭಯವನ್ನು ಮತ್ತೆ ಕಲಿಸುವುದು ಬಹಳ ಕಷ್ಟ.

ಆದ್ದರಿಂದ ನಾನು ಬೇಲಿಯನ್ನು ಕುದುರೆಯ ಬರಿ ಮೈ ಎಲ್ಲಿದೆ ಎಂದು ನೋಡಿ ಹಾಕಿದ್ದೇನೆ. ನಮ್ಮ ಕಡೆಯ ಜೂಲು ಹೆಗಲಿನಿಂದ ಬಾಲದವರೆಗೆ ಮುಚ್ಚುತ್ತದೆ, ಎದೆಯ ಮುಂದೆ ಕಟ್ಟಿಕೊಳ್ಳುತ್ತದೆ. ಉಳಿಯುವುದು ಮೂತಿ, ಹಣೆ, ಕಿವಿ, ಕತ್ತು ಮತ್ತು ಮೊಣಕಾಲಿನ ಕೆಳಗೆ. ಮೇಲಿನ ಎಳೆ ನಾಲ್ಕೂವರೆ ಅಡಿಗೆ. ಮೇಲಿಂದ ಕತ್ತು ಚಾಚಿದರೆ ಗಂಟಲ ಕೆಳಗೆ ತಾಗುತ್ತದೆ. ಎರಡನೆಯದು ಮೂರೂವರೆ ಅಡಿಗೆ, ಕುದುರೆ ಮೂಸಿ ನೋಡಲು ಬರುವ ಮಟ್ಟದಲ್ಲಿ. ಎಲ್ಲಕ್ಕಿಂತ ಕೆಳಗಿನದು ಎರಡಡಿಗೆ. ಹುಲ್ಲು ಮೇಯುತ್ತ ತಲೆಯನ್ನು ಆಚೆ ತೂರಿಸಿದರೆ ಕಿವಿಗೋ ಹಣೆಗೋ ಸಿಗುತ್ತದೆ. ಅದಕ್ಕಿಂತ ಕೆಳಗೆ ಹಾಕಬೇಡಿ. ಹುಲ್ಲು ತಾಗಿ ವಿದ್ಯುತ್ತು ಸೋರುತ್ತದೆ, ಕಾಲು ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಈ ಮೂರಲ್ಲದೆ ಇನ್ನೊಂದು ಎಳೆ ಇದೆ. ನಮ್ಮಂಥ ಒಣ ನೆಲದಲ್ಲಿ ಅದೇ ಮುಖ್ಯ. ಎರಡನೆಯ ಎಳೆಯ ಕೆಳಗೆ ಎಂಟು ಅಂಗುಲ ಬಿಟ್ಟು ಓಡಿಸಿದ ಅದನ್ನು ಯಂತ್ರದ ಅರ್ಥಿಂಗ್ ತುದಿಗೆ ಜೋಡಿಸಿದ್ದೇನೆ. ಅದರಲ್ಲಿ ಏಟಿಲ್ಲ. ಕುದುರೆ ಎರಡು ಎಳೆಗಳ ನಡುವೆ ತಲೆ ತೂರಿಸಿದಾಗ ಮೇಲಿನದು ಮುಖಕ್ಕೆ, ಕೆಳಗಿನದು ಗದ್ದಕ್ಕೆ ತಾಗಿ ಸುತ್ತು ಅಲ್ಲೇ ಪೂರ್ತಿಯಾಗುತ್ತದೆ. ಆಗ ನೆಲ ಎಷ್ಟು ಒಣಗಿದ್ದರೂ, ಕಾಲಿಗೆ ಲಾಳ ಇದ್ದರೂ ಇಲ್ಲದಿದ್ದರೂ ಲೆಕ್ಕಕ್ಕಿಲ್ಲ. ಬೇಲಿ ಕಟ್ಟಲು ಬಂದ ಹುಡುಗ, ‘ಸಾಹುಕಾರರೇ, ಕರೆಂಟಿಲ್ಲದ ತಂತಿಗೆ ಯಾಕೆ ದುಡ್ಡು ಹಾಕುತ್ತೀರಿ?’ ಎಂದು ನಕ್ಕಿದ್ದ. ಅವನಿಗೆ ಬಾಯಲ್ಲಿ ವಿವರಿಸುವ ಬದಲು, ರಬ್ಬರ್ ಚಪ್ಪಲಿ ಹಾಕಿಕೊಂಡೇ ಎರಡನ್ನೂ ಒಟ್ಟಿಗೆ ಮುಟ್ಟು ಎಂದೆ. ಮುಟ್ಟಲಿಲ್ಲ, ಜಾಣ.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಒಂದು ಸಲಾಕೆ ಹೊಡೆದು ಕೈ ತೊಳೆದುಕೊಳ್ಳುವುದು ನಮ್ಮ ಕಡೆಯ ರೂಢಿ. ಎರೆ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗುವಾಗ ಸಲಾಕೆಯನ್ನು ಬಿಟ್ಟು ಹಿಂದೆ ಸರಿಯುತ್ತದೆ. ಜನವರಿಯಲ್ಲಿ ಸಲಾಕೆಯ ಬುಡ ನೋಡಿದರೆ ಸುತ್ತಲೂ ಬೆರಳು ತೂರುವಷ್ಟು ಸಂದು. ಮಣ್ಣೇ ತಾಗದ ಕಬ್ಬಿಣ ಯಾವ ಅರ್ಥಿಂಗ್? ನಾನು ಸತು ಲೇಪಿಸಿದ ಮೂರು ಸಲಾಕೆಗಳನ್ನು ಸುಮಾರು ಆರು ಅಡಿ ಆಳಕ್ಕೆ, ಒಂದರಿಂದ ಒಂದು ಹತ್ತು ಅಡಿ ದೂರದಲ್ಲಿ ಹೊಡೆಸಿದ್ದೇನೆ. ಕುದುರೆ ನೀರು ಕುಡಿಯುವ ತೊಟ್ಟಿಯ ಹೆಚ್ಚುವರಿ ನೀರು ಹರಿಯುವ ಕಡೆಯೇ ಅವು ಇರುವುದರಿಂದ ಬೇಸಿಗೆಯಲ್ಲೂ ನೆಲ ತೇವವಾಗಿರುತ್ತದೆ. ಉಪ್ಪು, ಇದ್ದಿಲು ಹಾಕುವವರಿದ್ದಾರೆ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ನನಗೆ ನೀರೇ ಸಾಕು. ಮನೆಯ ಅರ್ಥಿಂಗ್‌ನಿಂದ ಮಾತ್ರ ಇದನ್ನು ಕನಿಷ್ಠ 10 ಮೀಟರ್ ದೂರ ಇಡಬೇಕು.

ಪರೀಕ್ಷೆ ಸುಲಭ. ಯಂತ್ರದಿಂದ ನೂರು ಮೀಟರಾಚೆ ಕಬ್ಬಿಣದ ಸಲಾಕೆಯೊಂದನ್ನು ನೆಲಕ್ಕೆ ನೆಟ್ಟು ತಂತಿಗೆ ಒರಗಿಸಿ, ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯುವಂತೆ ಮಾಡಬೇಕು. ಆಮೇಲೆ ಅರ್ಥಿಂಗ್ ಸಲಾಕೆಯ ಮೇಲೆ ಮೀಟರ್ ಹಿಡಿಯಬೇಕು. 300 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಇನ್ನೊಂದು ಸಲಾಕೆ ಬೇಕು. ಇದಕ್ಕೆ ಬೇಲಿಗೆಂದೇ ಮಾಡಿದ ಮೀಟರ್ ಬೇಕು, ಮನೆಯ ಮಲ್ಟಿಮೀಟರ್ ಹಿಡಿದರೆ ಸುಟ್ಟು ಹೋಗುತ್ತದೆ. ಯಂತ್ರದಿಂದ ತೀರ ದೂರದ ಮೂಲೆಯಲ್ಲಿ ಕನಿಷ್ಠ 4,000 ವೋಲ್ಟ್ ಸಿಗಬೇಕು ಎಂಬುದು ನನ್ನ ಪಟ್ಟು. ಬರಿಮೈ ಕುದುರೆಗೆ ಅದಕ್ಕಿಂತ ಕಡಿಮೆ ಸಾಕಾದೀತು. ಜೂಲಿನದಕ್ಕೆ ಮೂತಿ ತಾಗುವ ಒಂದೇ ಅವಕಾಶದಲ್ಲಿ ಮಾತು ಮನವರಿಕೆಯಾಗಬೇಕು. ಯಂತ್ರ ಕೊಳ್ಳುವಾಗಲೂ ಎಷ್ಟು ಉದ್ದದ ಬೇಲಿಗೆ ಸಾಕೆಂದು ಪೆಟ್ಟಿಗೆಯ ಮೇಲೆ ಬರೆದ ಕಿಲೋಮೀಟರ್ ನೋಡಬೇಡಿ, ಒಂದು ಏಟಿನ ಶಕ್ತಿ ಎಷ್ಟು ಜೌಲ್ ಎಂದು ಕೇಳಿ.

ಪಟ್ಟಿ ಟೇಪನ್ನೇ ಆರಿಸಿಕೊಂಡೆ, ಬಿಳಿಯದು, 40 ಮಿಲಿಮೀಟರ್ ಅಗಲದ್ದು. ಕುದುರೆ ಹೆದರಿ ಓಡುವ ಪ್ರಾಣಿ. ರಾತ್ರಿ ನಾಯಿ ಬೊಗಳಿದರೆ ಸಣ್ಣ ತಂತಿ ಅದಕ್ಕೆ ಕಾಣುವುದೇ ಇಲ್ಲ, ಚರ್ಮ ಸೀಳುತ್ತದೆ. ಮುಳ್ಳುತಂತಿಗೆ ಝಟಕಾ ಹರಿಸುವುದಂತೂ ಕ್ರೌರ್ಯ. ಸಿಕ್ಕಿಕೊಂಡ ಪ್ರಾಣಿ ಏಟು ತಿನ್ನುತ್ತ ಒದ್ದಾಡುತ್ತದೆ. ಮೂಲೆಗಳಲ್ಲಿ ಟೇಪಿನ ಜೋಡಣೆಯನ್ನು ಬೇಕೆಂದೇ ಸ್ವಲ್ಪ ದುರ್ಬಲವಾಗಿ ಇಟ್ಟಿದ್ದೇನೆ. ಕುದುರೆಯೇ ಸಿಕ್ಕಿಕೊಂಡರೆ ಹರಿಯಬೇಕಾದದ್ದು ಟೇಪು.

ಸಿಕ್ಕಿಕೊಳ್ಳುವ ಭಯ ಜೂಲಿನಿಂದಲೇ ಹೆಚ್ಚು. ಕಾರ ಹುಣ್ಣಿಮೆಗೆ ಎತ್ತಿಗೆ ಹೊದಿಸುವ ಜೂಲಿನಂತೆ ಗೊಂಡೆ, ಕನ್ನಡಿ, ಗೆಜ್ಜೆ ಇಟ್ಟು ಹೊಲಿಯುವುದು ನಮ್ಮ ದರ್ಜಿಗಳ ಹಟ. ಗೊಂಡೆಗಳನ್ನೆಲ್ಲ ಕತ್ತರಿಸಿ ಹಾಕಿದೆ. ಹೊಟ್ಟೆಯ ಪಟ್ಟಿ ಅಂಗೈ ಆಡುವಷ್ಟು ಮಾತ್ರ ಸಡಿಲವಿರಬೇಕು. ಜೋಲಾಡುತ್ತಿದ್ದರೆ ಬೇಲಿಯ ಹತ್ತಿರ ಹೊರಳಾಡುವಾಗ ಕಂಬಕ್ಕೋ ಟೇಪಿಗೋ ತೊಡರುತ್ತದೆ. ಜೂಲಿನ ಕೆಳಗೆ ತುರಿಕೆಯೂ ಇರುತ್ತದೆ, ತುರಿಕೆಗೆ ಕುದುರೆ ಹುಡುಕುವುದು ಕಂಬವನ್ನು. ಹೊಲದ ನಡುವಿನ ಬೇವಿನ ಮರಕ್ಕೆ ಎದೆಯೆತ್ತರದವರೆಗೆ ತೆಂಗಿನ ನಾರಿನ ಹಗ್ಗ ಸುತ್ತಿದ ಮೇಲೆ ಕಂಬಗಳು ಬದುಕಿದವು. ಜೋಳದ ಕಣಿಕೆ ಮೇವನ್ನೂ ಬೇಲಿಯಿಂದ ದೂರ, ಮರದ ಬುಡದಲ್ಲೇ ಹಾಕುತ್ತೇವೆ. ಹೊಟ್ಟೆ ತುಂಬಿದ ಕುದುರೆ ಬೇಲಿಯ ತಂಟೆಗೆ ಹೋಗುವುದು ಕಡಿಮೆ.

ಕಲಿಸುವ ಕೆಲಸ ಮಾತ್ರ ಬರಿಮೈಯಲ್ಲೇ, ಹಗಲಿನಲ್ಲೇ ಆಗಬೇಕು. ಹೊಸ ಕುದುರೆ ಬಂದರೆ, ಅದು ಮಹಾರಾಷ್ಟ್ರದ ಅಕಲೂಜ್‌ನಲ್ಲಿ ದೀಪಾವಳಿಗೆ ನಡೆಯುವ ಕುದುರೆ ಬಜಾರಿನಿಂದಲೇ ಬಂದಿರಲಿ, ಮೊದಲು ಗಟ್ಟಿ ಗೋಡೆಯ ಅಂಗಳದೊಳಗೆ ಒಂದು ಬದಿಗೆ ಟೇಪು ಕಟ್ಟಿ ಬಿಡುತ್ತೇವೆ. ಬೆಳಗಿನ ನೆಲಕ್ಕೆ ನೀರು ಚಿಮುಕಿಸಿ, ನಾವು ದೂರ ಹೋಗಿ ಕೂಡುತ್ತೇವೆ. ಹಗ್ಗ ಹಿಡಿದು ತಾಗಿಸಲು ಹೋದರೆ ಏಟು ಕೊಟ್ಟವನು ನೀನೇ ಎಂದು ಕುದುರೆ ತಿಳಿಯುತ್ತದೆ. ಅದು ತಾನೇ ಕುತೂಹಲದಿಂದ ಹೋಗಿ, ಮೂಗಿನ ಹೊಳ್ಳೆ ಅರಳಿಸಿ, ಮೇಲಿನ ತುಟಿಯನ್ನು ಮುಂದೆ ಚಾಚಿ ಮುಟ್ಟಬೇಕು. ಒದ್ದೆ ಮೂತಿಗೆ ಬಿದ್ದ ಏಟಿಗೆ ಹಿಂದೆ ಜಿಗಿದು, ಬಾಲ ಎತ್ತಿ ಅಂಗಳ ಸುತ್ತುತ್ತದೆ. ಮತ್ತೆ ಅನುಮಾನದಿಂದ ಬರುತ್ತದೆ. ಟೇಪಿನಿಂದ ಮಾರು ದೂರ ನಿಲ್ಲುವುದನ್ನು ಕಲಿತ ಮೇಲಷ್ಟೇ ಜೂಲು ಹೊದಿಸಿ ಹೊರಗೆ ಬಿಡುವುದು. ಹಳೆಯ ಕುದುರೆಗಳಿಗೂ ಬಿಸಿಲೇರಿದ ಮೇಲೆ ಜೂಲು ತೆಗೆಯುತ್ತೇವೆ. ಮೈಗೆ ಗಾಳಿ ಆಡುತ್ತದೆ, ಬೇಲಿಯ ಪಾಠವೂ ಮರೆಯುವುದಿಲ್ಲ.

ಮಳೆಗಾಲದ ಕೊನೆಗೆ ಕಾಂಗ್ರೆಸ್ ಹುಲ್ಲು ಟೇಪಿನವರೆಗೆ ಬೆಳೆದು ವಿದ್ಯುತ್ತು ಕುಡಿಯುತ್ತದೆ, ಅದನ್ನು ಕೊಯ್ಯಿಸಲೇಬೇಕು. ರಾತ್ರಿ ದೀಪವಿಲ್ಲದೆ ಬೇಲಿಯ ಗುಂಟ ನಡೆದರೆ ಸೋರುವ ಜಾಗದಲ್ಲಿ ಸಣ್ಣ ಕಿಡಿ ಕಾಣುತ್ತದೆ. ಕಬ್ಬಿಣದ ಕಂಬಕ್ಕೆ ಟೇಪು ತಾಗದಂತೆ ತಡೆಯುವ ಇನ್ಸುಲೇಟರ್ ಒಡೆದಿದ್ದರೆ ಪೂರ್ತಿ ಬೇಲಿ ಸತ್ತಂತೆಯೇ. ಗುಡುಗು ಸಿಡಿಲಿನ ಅಡ್ಡಮಳೆ ಕಂಡರೆ ಯಂತ್ರವನ್ನು ಬೇಲಿಯಿಂದ ಕಳಚಿ ಇಡುತ್ತೇವೆ.

ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವವರು ಇನ್ನೂ ಇದ್ದಾರೆ. ಯಂತ್ರ ಸೆಕೆಂಡಿಗೆ ಒಂದರಂತೆ, ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಏಟು ಕೊಟ್ಟು ಬಿಡುತ್ತದೆ. ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ನೇರ ವಿದ್ಯುತ್ತು ಹಿಡಿದದ್ದನ್ನು ಬಿಡುವುದಿಲ್ಲ. ಅದು ಕಾನೂನಿನ ಕಣ್ಣಿಗೂ ಅಪರಾಧ, ನನ್ನ ಕಣ್ಣಿಗೆ ಕೊಲೆ. ದಾರಿಯ ಬದಿಯಲ್ಲಿ ನಾನು ಹಳದಿ ಹಲಗೆ ತೂಗುಹಾಕಿದ್ದೇನೆ, ಓದು ಬಾರದ ಮಕ್ಕಳಿಗೂ ತಿಳಿಯಲೆಂದು ಮಿಂಚಿನ ಚಿತ್ರ ಬರೆಸಿ.

ಒಂದು ಗಂಡು ಕುದುರೆಯೂ ಇದೆ. ಹೆಣ್ಣು ಕುದುರೆ ಬೆದೆಗೆ ಬಂದಾಗ ಅದಕ್ಕೆ 4,000 ವೋಲ್ಟ್ ಅಲ್ಲ, ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೆ ಬೇರೆಯೇ ಕಲ್ಲಿನ ಗೋಡೆ ಕಟ್ಟಿಸಿ, ಗೋಡೆಯ ಮೇಲೆ ಒಂದೇ ಎಳೆ ಟೇಪು ಓಡಿಸಿದ್ದೇನೆ.