ಆರಿದ್ರ ನಕ್ಷತ್ರ ನೋಡಬೇಕಾ? ಜನವರಿವರೆಗೆ ಕಾಯಿರಿ

"ಆರಿದ್ರ ಮಳೆ ಆರದೆ ಹುಯ್ಯುತ್ತೆ" ಅಂತ ನಮ್ಮಜ್ಜಿ ಪ್ರತಿ ಜೂನ್‌ನಲ್ಲೂ ಹೇಳುತ್ತಿದ್ದರು. ಆದರೆ ಆರಿದ್ರ ನಕ್ಷತ್ರವನ್ನು ನಾನು ಮೊದಲ ಸಲ ಕಂಡಿದ್ದು ಜನವರಿಯಲ್ಲಿ, ಸಕಲೇಶಪುರದ ನಮ್ಮ ಕಾಫಿ ಕಣದಲ್ಲಿ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆಗಿನ ಮಳೆಗೆ ಅದೇ ಹೆಸರು. ಹಾಗಾಗಿ ಮಳೆ ಬರುವಾಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ. ರಾತ್ರಿ ಚೆನ್ನಾಗಿ ಕಾಣಬೇಕಾದರೆ ಆರು ತಿಂಗಳು ಕಾಯಬೇಕು.

ಜನವರಿ ನಡುವೆ, ಅಮಾವಾಸ್ಯೆಯ ಆಸುಪಾಸು ಒಂದು ದಿನ ಆರಿಸಿಕೊಳ್ಳಿ. ಕಾಫಿಗೆ ಟಾರ್ಪಾಲು ಹೊದಿಸಿ, ಮನೆ ಲೈಟೆಲ್ಲ ಆರಿಸಿ. 20 ನಿಮಿಷ ಮೊಬೈಲ್ ಮುಟ್ಟಲೇಬೇಡಿ. ಕಣ್ಣು ಕತ್ತಲಿಗೆ ಪಳಗಲು ಅಷ್ಟು ಹೊತ್ತು ಬೇಕು.

ರಾತ್ರಿ 8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ತಲೆ ಎತ್ತಿ. ಓರೆಯಾಗಿ ಸಾಲಾಗಿರುವ ಮೂರು ಚುಕ್ಕಿ ಸಿಗುತ್ತವೆ. ಅದರ ಎಡಕ್ಕೆ ಕೆಂಡದ ಬಣ್ಣದ್ದೇ ಆರಿದ್ರ. ಈಗ ಆ ಮೂರು ಚುಕ್ಕಿಯ ಗೆರೆಯನ್ನು ಬಲಗಡೆ ಕೆಳಕ್ಕೆ ಎಳೆಯಿರಿ. ಫಳಫಳ ಹೊಳೆಯುವ ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಪ್ರಕಾಶ ಜಾಸ್ತಿ ಇರುವುದು. ಅದೇ ಗೆರೆಯನ್ನು ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ. ಇನ್ನೂ ಮುಂದೆ ಹೋದರೆ ಕೃತ್ತಿಕೆಯ ಪುಟ್ಟ ಗೊಂಚಲು. ಷಣ್ಮುಖನಿಗೆ ಹಾಲೂಡಿಸಿದ ಆರು ತಾಯಂದಿರು ಇವರೇ.

ಕಥೆ ಗೊತ್ತಿದ್ದರೆ ಇದು ಮರೆಯುವುದೇ ಇಲ್ಲ. ಪ್ರಜಾಪತಿ ಜಿಂಕೆಯಾಗಿ ರೋಹಿಣಿಯ ಬೆನ್ನು ಹತ್ತಿದ. ರುದ್ರ ಬೇಡನಾಗಿ ಬಾಣ ಬಿಟ್ಟ. ಲುಬ್ಧಕ ಅಂದರೆ ಬೇಡ. ಮೂರು ಚುಕ್ಕಿ, ಜಿಂಕೆಯ ಮೈಗೆ ನೆಟ್ಟ ಬಾಣ. ಇವರು ಹುಟ್ಟುವುದೂ ಇದೇ ಸಾಲಿನಲ್ಲಿ: ಮೊದಲು ರೋಹಿಣಿ, ಹಿಂದೆ ಜಿಂಕೆ, ಕೊನೆಗೆ ಬೇಡ. ರಾತ್ರಿಯಿಡೀ ಪಶ್ಚಿಮಕ್ಕೆ ಹಾಗೇ ಓಡುತ್ತಾರೆ. ಇದು ಹೊಳೆದ ರಾತ್ರಿ ನನಗೆ ಚಳಿಯೂ ಗೊತ್ತಾಗಲಿಲ್ಲ.

ಸಪ್ತರ್ಷಿಗಳನ್ನು ಏಪ್ರಿಲ್‌ನಲ್ಲಿ ನೋಡಿ. ಉತ್ತರಕ್ಕೆ ತಿರುಗಿದರೆ ಸಾಕು. ಆ ಏಳು ಚುಕ್ಕಿಗಳ ಬಾಲದ ನಡುವಿನ ವಸಿಷ್ಠನ ಪಕ್ಕ ಸಣ್ಣಗೆ ಅರುಂಧತಿ ಇರುತ್ತಾಳೆ. ಧ್ರುವನಿಗೆ ಮಾತ್ರ ಸ್ವಲ್ಪ ಜಾಗ ಹುಡುಕಬೇಕು. ನಮ್ಮ ಸೀಮೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಅವನೂ ದಿಗಂತದಿಂದ ಅಷ್ಟೇ ಮೇಲೆ. ಕೈ ನೀಡಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅದಕ್ಕಿಂತ ಚೂರು ಎತ್ತರ. ನಮ್ಮ ಕಣದಿಂದ ಸಿಲ್ವರ್ ಮರಗಳು ಅಡ್ಡ ಬರುತ್ತವೆ. ಅವನನ್ನು ನೋಡಲು ನಾನು ಗದ್ದೆ ಬಯಲಿಗೆ ಇಳಿಯುತ್ತೇನೆ.