ವೀಲ್ ಹಬ್‌ಗೆ ಹಿಡಿದುಕೊಳ್ಳದಂತೆ ನಾನು ಮಾಡುವುದು

ನಟ್ ಎಲ್ಲ ಬಿಚ್ಚಿದ ಮೇಲೂ ವೀಲ್ ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿರುವುದನ್ನು, ಕಾರಿನ ಕೆಲಸ ತಾವೇ ಮಾಡಿಕೊಳ್ಳುವವರು ಒಮ್ಮೆಯಾದರೂ ನೋಡಿರುತ್ತಾರೆ. ಮನೆ ಮುಂದೆ ಟೈರ್ ಅದಲುಬದಲು ಮಾಡುವಾಗ ಹೀಗಾದರೆ ಬರೀ ಸಿಟ್ಟು ಬರುತ್ತದೆ. ರಾತ್ರಿ ರಸ್ತೆ ಬದಿಯಲ್ಲಿ ಪಂಕ್ಚರ್ ಆದಾಗ ಹೀಗಾದರೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ನನ್ನ ಕಾರಿನ ಮುಂದಿನ ವೀಲ್ ಒಂದು ಸಲ ಹೀಗೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಆಮೇಲಿಂದ ವೀಲ್ ಯಾವ ಕಾರಣಕ್ಕೆ ಬಿಚ್ಚಿದರೂ ಹಬ್ (ವೀಲ್ ಬಂದು ಕೂರುವ, ಕಾರಿನ ಕಡೆಯ ಲೋಹದ ಭಾಗ) ಉಜ್ಜದೆ ವಾಪಸ್ ಹಾಕುವುದಿಲ್ಲ.

ಹಿಡಿದುಕೊಳ್ಳುವುದು ಎಲ್ಲಿ ಅನ್ನುವುದು ಮೊದಲು ಗೊತ್ತಿರಬೇಕು. ಎಷ್ಟೋ ಜನ ನಟ್ ಮೇಲೆ ಎಣ್ಣೆ ಸುರಿಯುತ್ತಾರೆ. ನಟ್ ಆಗಲೇ ಕೈಗೆ ಬಂದಿದೆ, ಅದಕ್ಕೆ ಯಾಕೆ ಎಣ್ಣೆ? ತೊಂದರೆ ಇರುವುದು ನಡುವಿನಲ್ಲಿ. ಹಬ್‌ನ ಮಧ್ಯದಲ್ಲಿ ಸ್ವಲ್ಪ ಮುಂದಕ್ಕೆ ಚಾಚಿದ ದುಂಡನೆಯ ಅಂಚು ಇರುತ್ತದೆ. ವೀಲ್‌ನ ನಡುವಿನ ದೊಡ್ಡ ತೂತು ಅದರ ಮೇಲೆ ಬಂದು ಕೂರುತ್ತದೆ. ವೀಲ್ ಸರಿಯಾಗಿ ಮಧ್ಯಕ್ಕೆ ಕೂರಲಿ ಎಂದು ಇವೆರಡರ ನಡುವೆ ತೀರಾ ಸಣ್ಣ ಸಂದು ಮಾತ್ರ ಬಿಟ್ಟಿರುತ್ತಾರೆ. ಆ ಸಂದಿಗೆ ನೀರು ಇಳಿಯುತ್ತದೆ. ಹಬ್ ಕಬ್ಬಿಣದ್ದು, ಅಲಾಯ್ ವೀಲ್ ಅಲ್ಯೂಮಿನಿಯಂದು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ನಡುವೆ ನೀರಿದ್ದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಚ್ಚಿದಾಗ ಕಾಣುವ ಬಿಳಿ ಪುಡಿ ಅದೇ. ಹಬ್ ಕಡೆ ಕೆಂಪು ತುಕ್ಕು ಇದ್ದೇ ಇರುತ್ತದೆ. ಈ ಬಿಳಿ ಪುಡಿಯೂ ತುಕ್ಕೂ, ತಾವು ಹುಟ್ಟಿದ ಲೋಹಕ್ಕಿಂತ ಜಾಸ್ತಿ ಜಾಗ ತಿನ್ನುತ್ತವೆ. ಸಂದು ತುಂಬುತ್ತದೆ, ಬಿಗಿಯುತ್ತದೆ, ವೀಲ್ ಜಾಮ್ ಆಗುತ್ತದೆ.

ಉಪ್ಪು ಸೇರಿದರೆ ಇದೆಲ್ಲ ಇನ್ನೂ ಬೇಗ. ಕಡಲ ತೀರದ ಊರುಗಳಲ್ಲಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಕಡೆಗಳಲ್ಲಿ ವೀಲ್ ಹಿಡಿದುಕೊಳ್ಳುವುದು ಮಾಮೂಲು. ಕಬ್ಬಿಣದ ರಿಮ್ ಕೂಡ ಹಿಡಿದುಕೊಳ್ಳುತ್ತದೆ. ಆದರೆ ನಾನು ಬಿಚ್ಚಿದವುಗಳಲ್ಲಿ ಅಲಾಯ್ ಕೊಟ್ಟಷ್ಟು ಕಾಟ ಅದು ಕೊಟ್ಟಿಲ್ಲ.

ಈಗಾಗಲೇ ಹಿಡಿದುಕೊಂಡಿದ್ದರೆ ಮೊದಲು ಬಿಡಿಸಬೇಕು ಅಲ್ವಾ? ಅದನ್ನೂ ಹೇಳಿಬಿಡುತ್ತೇನೆ. ನಟ್‌ಗಳನ್ನು ಪೂರ್ತಿ ತೆಗೆದಿದ್ದರೆ ವಾಪಸ್ ಹಾಕಿ. ಕೈಯಲ್ಲಿ ಬಿಗಿದು, ಒಂದು ಸುತ್ತು ಸಡಿಲ ಬಿಡಿ. ಹೀಗಿದ್ದರೆ ವೀಲ್ ದಿಢೀರನೆ ಬಿಟ್ಟುಕೊಂಡರೂ ಕಾಲ ಮೇಲೆ ಬೀಳುವುದಿಲ್ಲ. ಕಾರು ಬರೀ ಜಾಕ್ ಮೇಲೆ ನಿಂತಿದ್ದರೆ ಒದೆಯುವ ಯೋಚನೆಯೇ ಬೇಡ. ಕೆಳಗೆ ಸ್ಟ್ಯಾಂಡ್ ಇರಬೇಕು, ನೆಲದ ಮೇಲಿರುವ ವೀಲ್‌ಗೆ ಅಡ್ಡ ಕಲ್ಲು ಇರಬೇಕು. ಆಮೇಲೆ ಟೈರ್‌ನ ರಬ್ಬರ್ ಭಾಗಕ್ಕೆ ಹಿಮ್ಮಡಿಯಿಂದ ಎಡಕ್ಕೊಂದು, ಬಲಕ್ಕೊಂದು ಒದೆತ. ವೀಲ್ ಸ್ವಲ್ಪ ತಿರುಗಿಸಿ ಮತ್ತೆ ಹಾಗೇ. ಒಂದೇ ಕಡೆ ಹತ್ತು ಸಲ ಒದೆಯುವುದಕ್ಕಿಂತ ಸುತ್ತ ಒದೆಯುವುದು ಕೆಲಸಕ್ಕೆ ಬರುತ್ತದೆ. ಇದಕ್ಕೂ ಬಗ್ಗದಿದ್ದರೆ, ನಟ್ ಹಾಗೇ ಸಡಿಲವಿಟ್ಟು ಕಾರನ್ನು ನೆಲಕ್ಕಿಳಿಸಿ, ಆಮೆ ವೇಗದಲ್ಲಿ ಎರಡು ಮೂರು ಅಡಿ ಮುಂದೆ, ಎರಡು ಮೂರು ಅಡಿ ಹಿಂದೆ ಓಡಿಸಿ ಬ್ರೇಕ್ ಒತ್ತುತ್ತೇನೆ. ಕಾರಿನ ತೂಕವೇ ಹಿಡಿತ ಬಿಡಿಸುತ್ತದೆ. ಟಕ್ ಎಂದು ಶಬ್ದ ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ನನ್ನ ವೀಲ್ ಬಂದದ್ದು ಹೀಗೆಯೇ.

ರಿಮ್‌ಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯುವುದು ಬೇಡ, ಅಲಾಯ್ ಬಿರುಕು ಬಿಡಬಹುದು. ಗ್ಯಾಸ್ ಟಾರ್ಚ್ ಹಿಡಿದು ಕಾಯಿಸುವುದಂತೂ ಬೇಡವೇ ಬೇಡ. ಗಾಳಿ ತುಂಬಿದ ಟೈರ್ ಸಿಡಿದರೆ ಎದುರಿಗಿದ್ದವರ ಗತಿ ಏನು? ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದಾದರೆ ನಡುವಿನ ಕ್ಯಾಪ್ ತೆಗೆದು ಸಂದಿಗೆ ಮಾತ್ರ ಬಿಡಿ. ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಬೀಳಬಾರದು.

ಇನ್ನು ಅಸಲಿ ಕೆಲಸ. ಹಿಡಿದುಕೊಳ್ಳದಂತೆ ಮಾಡುವುದು ಎಂದರೆ ಎಲ್ಲರ ಬಾಯಲ್ಲೂ ಬರುವುದು ಆ್ಯಂಟಿ-ಸೀಝ್ ಪೇಸ್ಟ್. ನನ್ನ ಪ್ರಕಾರ ಪೇಸ್ಟ್ ಕಾಲು ಭಾಗ, ಉಜ್ಜುವುದು ಮುಕ್ಕಾಲು ಭಾಗ. ತುಕ್ಕಿನ ಮೇಲೆ ಪೇಸ್ಟ್ ಬಳಿದರೆ ತುಕ್ಕು ಎಲ್ಲಿಗೂ ಹೋಗುವುದಿಲ್ಲ, ಸಂದು ಇನ್ನಷ್ಟು ತುಂಬುತ್ತದೆ ಅಷ್ಟೆ.

ಮೊದಲು ಡಿಸ್ಕ್ ಮತ್ತು ಪ್ಯಾಡ್ ಮೇಲೆ ಹಳೇ ಬಟ್ಟೆ ಹೊದಿಸುತ್ತೇನೆ. ಮೂಗಿಗೆ ಮಾಸ್ಕ್ ಹಾಕಿಕೊಳ್ಳುತ್ತೇನೆ, ಬ್ರೇಕ್ ಧೂಳು ಒಳಗೆ ಎಳೆದುಕೊಳ್ಳುವಂಥದ್ದಲ್ಲ. ಹಬ್‌ನ ನಡುವಿನ ಅಂಚನ್ನು ತಂತಿ ಬ್ರಷ್‌ನಿಂದ ಸುತ್ತಲೂ ಉಜ್ಜುತ್ತೇನೆ. ಅಂಚು ಬುಡದಲ್ಲಿ ಡಿಸ್ಕ್‌ಗೆ ಸೇರುವ ಮೂಲೆ ಇದೆಯಲ್ಲ, ತುಕ್ಕು ಗಟ್ಟಿಯಾಗಿ ಕೂರುವುದು ಅಲ್ಲೇ. ದೊಡ್ಡ ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಹಲ್ಲುಜ್ಜುವ ಬ್ರಷ್ ಗಾತ್ರದ ತಂತಿ ಬ್ರಷ್ ಬೇಕು. ಕೊನೆಗೆ ಎಮರಿ ಪೇಪರ್‌ನಿಂದ ಒಂದು ಸುತ್ತು. ಲೋಹ ಹೊಳೆಯಬೇಕೆಂದೇನೂ ಇಲ್ಲ. ಬೆರಳಾಡಿಸಿದರೆ ಉಬ್ಬು ಸಿಗಬಾರದು, ಅಷ್ಟು ಸಾಕು. ವೀಲ್ ಒರಗುವ ಚಪ್ಪಟೆ ಮುಖವನ್ನೂ ಹೀಗೇ ಉಜ್ಜಬೇಕು. ಅಲ್ಲಿ ತುಕ್ಕಿನ ಪದರ ಉಳಿದರೆ ಓಡುತ್ತಾ ಓಡುತ್ತಾ ಅದು ಪುಡಿಯಾಗಿ ನಟ್ ಸಡಿಲವಾಗಬಹುದು.

ವೀಲ್‌ನ ತೂತಿನ ಒಳಭಾಗಕ್ಕೆ ಮಾತ್ರ ಕಬ್ಬಿಣದ ಬ್ರಷ್ ಮುಟ್ಟಿಸುವುದಿಲ್ಲ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕಬ್ಬಿಣದ ಚೂರುಗಳು ಅದರಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ಮತ್ತೆ ಸವೆತ ಶುರುವಾಗುತ್ತದೆ. ಪಾತ್ರೆ ಉಜ್ಜುವ ಹಸಿರು ನೈಲಾನ್ ಪ್ಯಾಡ್ ಸಾಕು. ಗಟ್ಟಿ ಕೂತ ಬಿಳಿ ಪುಡಿಯನ್ನು ಮರದ ಚೂರಿನಿಂದ ಕೆರೆದು ತೆಗೆಯಬಹುದು. ಡ್ರಿಲ್‌ಗೆ ಬ್ರಷ್ ಸಿಕ್ಕಿಸಿ ಇದನ್ನು ಮಾಡುವವರಿದ್ದಾರೆ. ಬೇಗ ಆಗುತ್ತದೆ, ಪುಡಿಯ ಜೊತೆ ವೀಲ್ ಕೂಡ ಸವೆಯುತ್ತದೆ.

ಆಮೇಲೆ ಒಂದು ಪರೀಕ್ಷೆ. ಪೇಸ್ಟ್ ಹಚ್ಚದೆ, ನಟ್ ಹಾಕದೆ, ವೀಲ್ ಎತ್ತಿ ಹಬ್ ಮೇಲೆ ಕೂರಿಸಿ ಮತ್ತೆ ಎಳೆಯುತ್ತೇನೆ. ಸಲೀಸಾಗಿ ಬರಬೇಕು. ಕಚ್ಚಿಕೊಂಡರೆ ಇನ್ನೂ ಉಜ್ಜಬೇಕು ಎಂದರ್ಥ.

ಪೇಸ್ಟ್ ಹಚ್ಚುವುದು ಇದಾದ ಮೇಲೆ. ನಾನು ಬಳಸುವುದು ಲೋಹದ ಪುಡಿ ಇಲ್ಲದ ಸೆರಾಮಿಕ್ ಪೇಸ್ಟ್. ತಾಮ್ರದ ಪೇಸ್ಟ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಬಳಿದು ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ಆದರೆ ಅಲ್ಯೂಮಿನಿಯಂ ಸವೆಯುವುದೇ ಬೇರೆ ಲೋಹ ತಾಗಿದ್ದಕ್ಕೆ ಅನ್ನುವಾಗ, ನಡುವೆ ತಾಮ್ರ ತಂದಿಡಲು ನನಗೆ ಮನಸ್ಸಿಲ್ಲ. ಜೊತೆಗೆ ಈಗಿನ ಎಷ್ಟೋ ಕಾರುಗಳಲ್ಲಿ ವೀಲ್ ತಿರುಗುವ ವೇಗ ಅಳೆಯುವ ಎಬಿಎಸ್ ಸೆನ್ಸರ್ ಹಬ್ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಲೋಹದ ಪುಡಿ ಇಲ್ಲದಿದ್ದರೆ ಒಳ್ಳೆಯದು. ಮನೆಯಲ್ಲಿರುವ ಮಾಮೂಲಿ ಗ್ರೀಸ್ ಆಗುತ್ತದೆಯೇ ಎಂದು ಕೇಳುತ್ತಾರೆ. ಬೇಡ. ಬ್ರೇಕ್ ಬಿಸಿಗೆ ಅದು ಕರಗಿ, ವೀಲ್ ತಿರುಗುವ ರಭಸಕ್ಕೆ ಡಿಸ್ಕ್ ಕಡೆ ಹಾರಿದರೆ ಬ್ರೇಕ್ ಹಿಡಿಯುವುದಿಲ್ಲ.

ಎಷ್ಟು ಹಚ್ಚಬೇಕು? ಬೆರಳ ತುದಿಗೆ ಒಂದು ಚೂರು ತೆಗೆದುಕೊಂಡು ನಡುವಿನ ಅಂಚಿನ ಸುತ್ತ ಸವರಿದರೆ ಮುಗಿಯಿತು. ಬಣ್ಣ ಕಂಡರೆ ಸಾಕು, ದಪ್ಪ ಕಾಣಬಾರದು. ಚಪ್ಪಟೆ ಮುಖಕ್ಕೆ ನಾನು ಏನೂ ಹಚ್ಚುವುದಿಲ್ಲ, ಒಣಗಿದ್ದಂತೆಯೇ ಬಿಡುತ್ತೇನೆ. ವೀಲ್ ನಿಂತಿರುವುದು ಆ ಎರಡು ಮುಖಗಳು ಒತ್ತಿ ಹಿಡಿದುಕೊಂಡಿರುವ ಬಲದ ಮೇಲೆ. ನಡುವೆ ಜಾರುವ ಪದರ ಯಾಕೆ?

ಬೋಲ್ಟ್‌ನ ಥ್ರೆಡ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಡಬ್ಬಿ ಕೈಯಲ್ಲಿದೆ ಎಂದು ಸುಮ್ನೆ ಅದಕ್ಕೂ ಬಳಿಯುವುದನ್ನು ನೋಡಿದ್ದೇನೆ. ಕಾರಿನ ಕೈಪಿಡಿಯಲ್ಲಿ ಕೊಡುವ ಟಾರ್ಕ್ ಲೆಕ್ಕ, ಅಂದರೆ ಎಷ್ಟು ಬಲ ಹಾಕಿ ತಿರುಗಿಸಿ ಬಿಗಿಯಬೇಕು ಎಂಬುದು, ಸಾಮಾನ್ಯವಾಗಿ ಒಣ ಥ್ರೆಡ್‌ಗೆ. ನಾವು ಹಾಕುವ ಬಲದಲ್ಲಿ ಬಹುಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಉಳಿದ ಸ್ವಲ್ಪ ಮಾತ್ರ ಬೋಲ್ಟನ್ನು ಎಳೆಯುತ್ತದೆ. ಜಾರುವ ಪೇಸ್ಟ್ ಹಚ್ಚಿದರೆ ತಿಕ್ಕಾಟ ಕಡಿಮೆಯಾಗಿ, ಅದೇ ಟಾರ್ಕ್‌ಗೆ ಬೋಲ್ಟ್ ಅಳತೆ ಮೀರಿ ಎಳೆದುಕೊಳ್ಳುತ್ತದೆ. ಒಂದು ದಿನ ಮುರಿಯಲೂಬಹುದು. ನಟ್ ಕೂರುವ ಓರೆ ಮುಖಕ್ಕೂ ಇದೇ ಮಾತು. ಥ್ರೆಡ್‌ಗೆ ಬ್ರಷ್ ಮಾತ್ರ. ಕೈಪಿಡಿಯೇ ಎಣ್ಣೆ ಹಾಕಿ ಎಂದು ಹೇಳಿದ್ದರೆ ಅದು ಬೇರೆ ಮಾತು.

ಬಿಗಿಯುವುದು ಎದುರುಬದುರಾಗಿ. ಮೊದಲು ಕೈಯಲ್ಲಿ, ನೆಲಕ್ಕಿಳಿಸಿದ ಮೇಲೆ ಬಿಗಿಯ ಅಳತೆ ಗೊತ್ತಾಗುವ ಟಾರ್ಕ್ ರೆಂಚ್‌ನಲ್ಲಿ. ಬಹಳಷ್ಟು ಕಾರುಗಳಿಗೆ 80ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮದು ಎಷ್ಟು ಎಂದು ಕೈಪಿಡಿ ನೋಡಿ. ತುಕ್ಕು ತೆಗೆದ ವೀಲ್ ಹೊಸದಾಗಿ ಕೂರುತ್ತದೆ, ಹಾಗಾಗಿ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡುತ್ತೇನೆ.

ಟೈರ್ ಅಂಗಡಿಗೆ ಹೋದರೂ ನನ್ನ ಸಣ್ಣ ಬ್ರಷ್ ಜೊತೆಗೇ ಇರುತ್ತದೆ. ಅವರು ವೀಲ್ ಬ್ಯಾಲೆನ್ಸಿಂಗ್‌ಗೆ ಒಯ್ದಾಗ ಹಬ್ ಖಾಲಿ ನಿಂತಿರುತ್ತದೆ, ಅಷ್ಟರಲ್ಲಿ ಉಜ್ಜಿ ಮುಗಿಸಬಹುದು. ಗಾಳಿ ಗನ್‌ನಲ್ಲಿ ನಟ್ ಬಿಗಿಯಲು ಬಂದರೆ, ‘ಅಣ್ಣಾ, ಕೊನೆ ಬಿಗಿ ಕೈಯಲ್ಲೇ ಹಾಕಿ’ ಎಂದು ಕೇಳುತ್ತೇನೆ. ಗನ್‌ನಲ್ಲಿ ಬಿಗಿದ ನಟ್ ರಸ್ತೆ ಬದಿಯಲ್ಲಿ ನಮ್ಮ ಗಿಡ್ಡ ಪಾನಕ್ಕೆ ಬಗ್ಗುವುದಿಲ್ಲ. ಆಗ ವೀಲ್ ಹಿಡಿದಿಲ್ಲದಿದ್ದರೂ ಅಷ್ಟೇ ಕಷ್ಟ.

ಇನ್ನೆರಡು ಸಣ್ಣ ಮಾತು. ವೀಲ್‌ನ ನಡುವಿನ ಪ್ಲಾಸ್ಟಿಕ್ ಕ್ಯಾಪ್ ಕಳೆದಿದ್ದರೆ ಹೊಸದು ಹಾಕಿಸಿ. ಅದು ಬರೀ ಅಂದಕ್ಕಲ್ಲ, ನೀರು ನೇರ ಒಳಗೆ ಹೋಗುವುದನ್ನು ತಡೆಯುತ್ತದೆ. ಹೊರಗಿನಿಂದ ತಂದ ಅಲಾಯ್ ವೀಲ್ ಆಗಿದ್ದರೆ ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದು, ನಡುವೆ ಒಂದು ರಿಂಗ್ ಹಾಕಿರುತ್ತಾರೆ. ಆಯ್ಕೆ ಇದ್ದರೆ ಪ್ಲಾಸ್ಟಿಕ್ ರಿಂಗ್ ಕೇಳಿ. ಅಲ್ಯೂಮಿನಿಯಂ ರಿಂಗ್ ಹಬ್‌ಗೂ ಹಿಡಿದುಕೊಳ್ಳುತ್ತದೆ, ವೀಲ್‌ಗೂ ಹಿಡಿದುಕೊಳ್ಳುತ್ತದೆ.